ಬೀಗ ಹಾಕಿದ ಹೊತ್ತಿನ ಬರಹ

"ಈ ನೋಟೀಸು ಬರೆದೋರು ನೀವೇ ಅಲ್ವಾ, ಕೊಟ್ರೇಶ್?"

ಶೋಭಾರಾಣಿ ತನ್ನ ಮೊಬೈಲನ್ನು ಮೇಜಿನ ಮೇಲೆ ಅವನತ್ತ ತಿರುಗಿಸಿಟ್ಟಳು. ಪರದೆಯ ಮೇಲೆ ಒಂದು ಗೋಡೆಯ ಫೋಟೊ, ಆ ಗೋಡೆಗೆ ಅಂಟಿಸಿದ ಒಂದು ಹಾಳೆ.

ಕೊಟ್ರೇಶ್ ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದ. ಗಾಳಿ ವಿದ್ಯುತ್ ಕಂಪನಿಯ ಚಿತ್ರದುರ್ಗದ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವವನು ಅವನೇ. "ಹೌದು ಮೇಡಂ. ಇದು ಹಿರಿಯೂರಿನ ಕಂಟ್ರೋಲ್ ರೂಮಿನ ಗೋಡೆ. ಹೊಸದುರ್ಗ, ಹೊಳಲ್ಕೆರೆ, ಎಲ್ಲಾ ಕಡೀಗೂ ಇದನ್ನೇ ಕಳ್ಸಿದ್ದೆ."

"ಒಂದ್ಸಲ ಓದ್ರಿ."

ಅವನು ಶಾಲೆಯ ಹುಡುಗನಂತೆ ಓದಿದ. "ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಸರ್ವರ್ ಅಪ್‌ಗ್ರೇಡ್ ಕೆಲಸ ನಡೆಯಲಿದೆ. ಆ ಅವಧಿಯಲ್ಲಿ ಅಂಗಳದಲ್ಲಿರುವುದನ್ನು ಓದಬಹುದು. ಹೊಸದಾಗಿ ಬರೆಯಲು, ತಿದ್ದಲು, ಅಳಿಸಲು ಯಾರಿಗೂ ಸಾಧ್ಯವಿಲ್ಲ. ದಯವಿಟ್ಟು ಸಹಕರಿಸಿ."

"ಯಾರಿಗೂ," ಎಂದಳು ಶೋಭಾರಾಣಿ.

"ಯಾರಿಗೂ," ಎಂದ ಕೊಟ್ರೇಶ್.

ಹೋದ ವಾರದ ಅದೇ ಭಾನುವಾರ ಮಧ್ಯಾಹ್ನ, ಬಾಗೂರಿನಾಚೆಯ ಗುಡ್ಡದ ಮೇಲಿನ ಗಾಳಿ ಫ್ಯಾನಿನೊಳಗೆ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ ಶಿವುವಿನ ಬಲಗೈ, ಇದ್ದಕ್ಕಿದ್ದಂತೆ ತಿರುಗಿದ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋಗಿತ್ತು.

ಕೆಲಸ ಮುಗಿದಿದೆ, ಯಂತ್ರ ಬಿಡಬಹುದು ಎಂದು ಶಿವುವೇ ಬರೆದಿದ್ದಾನೆ, ತಪ್ಪು ಅವನದೇ ಎಂದು ಕಂಪನಿ ಹೇಳುತ್ತಿತ್ತು. ಬರೆದದ್ದು ಅಂಗಳದಲ್ಲಿ. ನಾಲ್ಕೂ ಊರಿನ ಕಚೇರಿಗಳವರು ಕಡತ, ಸುದ್ದಿ, ಕೆಲಸದ ಹಂಚಿಕೆ ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಂಡು ಒಟ್ಟಿಗೆ ನೋಡುವ ಕಂಪನಿಯ ಒಳಜಾಲಕ್ಕೆ ಇಟ್ಟ ಹೆಸರು ಅದು. ಯಾವ ಫ್ಯಾನು ನಿಂತಿದೆ, ಯಾರು ಮೇಲೆ ಹತ್ತಿದ್ದಾರೆ, ಯಾರು ಇಳಿದರು ಎಂಬುದೆಲ್ಲ ಅಲ್ಲೇ ಕಾಣಬೇಕು. ಅದನ್ನು ನೋಡಿಕೊಂಡೇ ಹಿರಿಯೂರಿನಲ್ಲಿ ಕೂತವರು ನಿಂತ ಯಂತ್ರವನ್ನು ಮತ್ತೆ ತಿರುಗಲು ಬಿಡುತ್ತಿದ್ದರು. ಆ ಫ್ಯಾನಿನೊಳಗೆ ಯಂತ್ರವನ್ನು ಹಿಡಿದು ನಿಲ್ಲಿಸುವ ಕಬ್ಬಿಣದ ಗೂಟ ಮುರಿದು ತಿಂಗಳುಗಳಾಗಿದ್ದವು. ಮೇಲೆ ಹತ್ತಿದವನ ಜೀವಕ್ಕೆ ಅಂಗಳದ ಆ ಒಂದು ಸಾಲೇ ಕಾವಲು.

ಆ ದಿನ ಯಂತ್ರ ಬಿಟ್ಟವಳು ಉಷಾ. ಅವಳನ್ನೂ ಕೆಲಸದಿಂದ ದೂರ ಇಟ್ಟಿದ್ದರು. ಆದರೂ ಶಿವುವಿನ ತಾಯಿ ಮುದ್ದಕ್ಕನ ಕೈ ಹಿಡಿದುಕೊಂಡು ಶೋಭಾರಾಣಿಯ ಪತ್ತೇದಾರಿ ಕಚೇರಿಗೆ ಕರೆತಂದವಳು ಅವಳೇ. "ಶಿವಣ್ಣ ಹಂಗೆ ಬರಿಯೋನಲ್ಲ ಮೇಡಂ. ನಿಜ ಗೊತ್ತಾಗ್ಬೇಕು," ಎಂದಿದ್ದಳು. ಮುದ್ದಕ್ಕನ ವಕೀಲರು ಕೇಳಿಕೊಂಡ ಮೇಲೆ, ಬೇಡವೆಂದರೆ ಇನ್ನೂ ಕೆಟ್ಟದಾಗಿ ಕಂಡೀತೆಂದು ಕಂಪನಿಯವರು ಶೋಭಾರಾಣಿಯನ್ನು ಒಳಗೆ ಬಿಟ್ಟಿದ್ದರು.

"ಈಗ ಇದನ್ನ ನೋಡ್ರಿ," ಎಂದು ಶೋಭಾರಾಣಿ ಇನ್ನೊಂದು ಫೋಟೊ ತೋರಿಸಿದಳು. ಅಂಗಳದ ಆ ಸಾಲಿನ ಫೋಟೊ ಅದು. ಕೆಲಸ ಮುಗಿದಿದೆ, ಯಂತ್ರ ಬಿಡಬಹುದು, ಶಿವು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ತಿದ್ದಿದ ಹೊತ್ತು ಇತ್ತು: ಭಾನುವಾರ ಮಧ್ಯಾಹ್ನ.

"ಯಾರಿಗೂ ಆಗಲ್ಲ ಅಂತ ನೀವು ಬೀಗ ಹಾಕಿದ ಹೊತ್ತು ಇದು. ಗುಡ್ಡದ ಮೇಲೆ, ಫ್ಯಾನಿನೊಳಗೆ ಗ್ರೀಸ್ ಹಚ್ತಾ ಕುಂತಿದ್ದ ಶಿವುಗೆ ಮಾತ್ರ ಹೆಂಗಾಯ್ತು?"

ಗಾಜಿನ ಗೋಡೆಯಾಚೆ ಸರ್ವರ್‌ಗಳ ಸಣ್ಣ ಹಸಿರು ದೀಪಗಳು ಮಿನುಗುತ್ತಿದ್ದವು. ತಣ್ಣನೆಯ ಗಾಳಿಯ ಒಂದೇ ಸಮನಾದ ಸದ್ದು.

ಬಾಗಿಲ ಬಳಿ ಕೂತಿದ್ದ ಓಬಣ್ಣ ಗಂಟಲು ಸರಿಮಾಡಿಕೊಂಡ. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವನು, ಈಗ ಶೋಭಾರಾಣಿಗೆ ಜೊತೆಗಾರ, ಅವಳ ಕಾರು ಓಡಿಸುವವನೂ ಅವನೇ. "ತಮ್ಮಾ, ನನಗೆ ಈ ಸರ್ವರ್ ಗಿರ್ವರ್ ಅರ್ಥ ಆಗಲ್ಲ. ಸ್ವಲ್ಪ ಬಿಡಿಸಿ ಹೇಳು. ಬೀಗ ಯಾಕೆ ಹಾಕಿದ್ದು?"

ಕೊಟ್ರೇಶನ ಮುಖ ಸ್ವಲ್ಪ ಸಡಿಲಾಯಿತು. ತನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಸಾಕು ಎನ್ನುವ ಜಾತಿಯವನು ಎಂದು ಶೋಭಾರಾಣಿಗೆ ಗೊತ್ತಾಯಿತು.

"ಹಳೇ ಸರ್ವರ್‌ಗೆ ವಯಸ್ಸಾಗಿತ್ತು ಅಣ್ಣ. ಅದರ ಸಾಫ್ಟ್‌ವೇರ್ ಮಾಡಿದೋರೇ ಇನ್ಮೇಲೆ ನಾವು ಜವಾಬ್ದಾರರಲ್ಲ ಅಂದ್ಬಿಟ್ಟಿದ್ರು. ಹಂಗಾಗಿ ಪಕ್ಕದಲ್ಲಿ ಹೊಸದು ಎಬ್ಬಿಸಿ, ಹಳೇದರಲ್ಲಿ ಇದ್ದುದನ್ನೆಲ್ಲ ನಕಲು ತಗೊಂಡು ಇದಕ್ಕೆ ಜೋಡಿಸ್ಬೇಕು. ನಕಲು ತೆಗೀತಿರೋವಾಗ ಜನ ಬರೀತಾನೇ ಇದ್ರೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಆಗ್ತೈತೆ. ಅದಕ್ಕೆ ಬೀಗ."

"ಮನೆ ಖಾಲಿ ಮಾಡೋವಾಗ ಹಳೇ ಮನೆಗೆ ಬೀಗ ಹಾಕಿದಂಗೆ."

"ಹಂಗೇ ಅಣ್ಣ. ಕಿಟಕೀಲಿ ನೋಡಬೌದು. ಒಳಗಿರೋ ಚಮಚಾನೂ ಸರಿಸಂಗಿಲ್ಲ."

"ಬೀಗದ ಕೈ?" ಎಂದು ಶೋಭಾರಾಣಿ ಕೇಳಿದಳು.

ಅವನು ತಲೆ ಎತ್ತಿದ. "ಏನು ಮೇಡಂ?"

"ಬೀಗದ ಕೈ ಯಾರ ಹತ್ರ ಇತ್ತು?"

"ನನ್ನ ಹತ್ರ."

"ಇನ್ನೊಬ್ರ ಹತ್ರ?"

"ಇಲ್ಲ. ಅಡ್ಮಿನ್ ಪಾಸ್‌ವರ್ಡ್ ನನಗೊಬ್ಬನಿಗೇ ಗೊತ್ತಿರೋದು."

ಅವಳು ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿದಳು. ತಿದ್ದಿದ ಹೊತ್ತಿನ ಪಕ್ಕದಲ್ಲಿ ತಿದ್ದಿದವರ ಹೆಸರೂ ಇತ್ತು. ಶಿವು ಅಲ್ಲ. ಸಿಸ್ಟಂ ಅಕೌಂಟ್.

"ಮೇಡಂ, ಅದಕ್ಕೆ ಅರ್ಥ ಬೇರೆ ಇರ್ತೈತೆ," ಎಂದು ಕೊಟ್ರೇಶ್ ಸ್ವಲ್ಪ ಅವಸರದಿಂದಲೇ ಹೇಳಿದ. "ಸರ್ವರ್ ತಾನೇ ಏನಾದ್ರೂ ಸರಿ ಮಾಡ್ಕೊಂಡ್ರೂ ಆ ಹೆಸರೇ ಬೀಳ್ತೈತೆ. ಅಪ್‌ಗ್ರೇಡ್ ಆಗೋವಾಗ ಸಾವಿರ ಕಡೆ ಹಂಗಾಗಿರ್ತೈತೆ."

"ಸಾವಿರ ಕಡೆ ಆಗೈತಾ?"

ಅವನು ಪರದೆಯ ಮೇಲಿನ ಆ ಹೆಸರನ್ನೇ ನೋಡುತ್ತ ಕೂತ.

"ನಿನ್ನೆ ಹಿರಿಯೂರಿನಲ್ಲಿ ಕುಂತು ಆ ಪುಟ ಪೂರ್ತಿ ನೋಡ್ದೆ. ಆ ಇಡೀ ದಿನದಲ್ಲಿ ಈ ಹೆಸರು ಬಿದ್ದಿರೋದು ಒಂದೇ ಸಾಲಿಗೆ."

ಶೋಭಾರಾಣಿ ಹದಿನೆಂಟು ವರ್ಷ ಪೊಲೀಸ್ ವೈರ್‌ಲೆಸ್ ವಿಭಾಗದಲ್ಲಿದ್ದವಳು. ಯಾರ ಧ್ವನಿ ಯಾವಾಗ ತೆಳುವಾಗುತ್ತದೆ ಎಂದು ಅವಳ ಕಿವಿಗೆ ತಿಳಿಯುತ್ತಿತ್ತು. ಕೊಟ್ರೇಶನ ಧ್ವನಿ ಈಗ ತೆಳುವಾಗಿತ್ತು. ಆದರೆ ಅದು ಕಳ್ಳನ ಧ್ವನಿಯಲ್ಲ ಎಂದೂ ಅವಳಿಗೆ ಅನ್ನಿಸಿತು.

ಅಟೆಂಡರ್ ಟೀ ತಂದಿಟ್ಟು ಹೋದ. ಮೂವರೂ ಕುಡಿದರು. ಕೊಟ್ರೇಶ್ ಮಾತ್ರ ಎರಡು ಗುಟುಕಿಗೆ ಲೋಟ ಕೆಳಗಿಟ್ಟ.

"ಕೆಲಸ ಸಂಜೆಗೆ ಮುಗಿಬೇಕಿತ್ತು, ಅಲ್ವಾ?" ಶೋಭಾರಾಣಿ ಟೀ ಮುಗಿಸಿ ಕೇಳಿದಳು. "ಮುಗಿದಿದ್ದು ಸೋಮವಾರ ಬೆಳಿಗ್ಗೆ. ನಕಲನ್ನು ಇನ್ನೊಮ್ಮೆ ತೆಗೆಯಬೇಕಾಗಿ ಬಂದುದರಿಂದ ತಡವಾಯಿತು, ಕ್ಷಮಿಸಿ ಅಂತ ನೀವೇ ಅಂಗಳದಲ್ಲಿ ಹಾಕಿದ್ರಿ. ಇನ್ನೊಮ್ಮೆ ಯಾಕೆ?"

"ಮೊದಲನೇ ನಕಲು ಕೆಟ್ಟಿತ್ತು ಮೇಡಂ."

"ಹೆಂಗೆ ಕೆಡ್ತು?"

"ಸರಿಯಾಗಿ ಬಂದಿರ್ಲಿಲ್ಲ."

"ಕೆಟ್ಟಿದ್ದನ್ನ ಏನು ಮಾಡಿದ್ರಿ?"

ಅವನ ಕಣ್ಣು ಒಂದು ಕ್ಷಣ ಗಾಜಿನ ಗೋಡೆಯಾಚೆಗೆ ಹೋಗಿ ಬಂತು. ಶೋಭಾರಾಣಿಯೂ ಅತ್ತ ನೋಡಿದಳು. ಕಬ್ಬಿಣದ ಕಪಾಟಿನ ಮೇಲಿನ ಹಲಗೆಯಲ್ಲಿ ಎರಡು ಕಪ್ಪು ಡಿಸ್ಕ್‌ಗಳು ಅಕ್ಕಪಕ್ಕ ಇದ್ದವು.

"ಬೀಗ ಹಾಕಿ ನಕಲು ತೆಗೆದಾಗಿತ್ತು. ಆಮೇಲೆ ಹಳೇ ಮನೆಯೊಳಗೆ ಚಮಚ ಸರೀತು. ಅದಕ್ಕೆ ಮೊದಲನೇ ನಕಲು ನಿಮ್ಮ ಉಪಯೋಗಕ್ಕೆ ಬರ್ಲಿಲ್ಲ. ಹಂಗಲ್ವಾ ಕೊಟ್ರೇಶ್? ನಕಲು ಕೆಟ್ಟಿರ್ಲಿಲ್ಲ. ನಕಲು ತೆಗೆದಾದ ಮೇಲೆ ನೀವು ಬೀಗ ತೆಗೆದ್ರಿ."

ಕೊಟ್ರೇಶ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದ.

"ಎರಡು ಸಲ ಆಸ್ಪತ್ರೆ ಗೇಟಿನ ತನಕ ಹೋಗಿ ಬಂದೀನಿ ಮೇಡಂ," ಎಂದ ಕೊನೆಗೆ. "ಒಳಗೆ ಹೋಗಕ್ಕೆ ಕಾಲು ಬರಲಿಲ್ಲ. ಮುದ್ದಕ್ಕ ಹೊರಗೆ ಕಟ್ಟೆ ಮೇಲೆ ಕುಂತಿದ್ರು. ನನ್ನ ನೋಡಿ, ಯಾರನ್ನ ನೋಡ್ಬೇಕಪ್ಪ ಅಂತ ಕೇಳಿದ್ರು. ವಾರ್ಡ್ ತಪ್ಪಾಯ್ತಮ್ಮ ಅಂತ ಹೇಳಿ ಬಂದ್ಬಿಟ್ಟೆ."

ಓಬಣ್ಣ ಎದ್ದು ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ಮತ್ತೆ ಕೂತ.

"ಆ ದಿನ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಏಕಾಂತಪ್ಪ ಸಾರ್ ಫೋನ್ ಮಾಡಿದ್ರು. ಹೊಸದುರ್ಗದ ಸೈಟ್ ಮ್ಯಾನೇಜರ್. ಬಾಗೂರಿನ ಕಡೆ ಫ್ಯಾನಿನ ಸಾಲಲ್ಲಿ ಒಂದು ಹೆಸರು ತಪ್ಪಾಗಿ ಬಿದ್ದೈತೆ, ಶಿವು ಅಂತ ಮಾಡು, ನಾಳೆ ಹಾಜರಿ ಲೆಕ್ಕಕ್ಕೆ ತೊಂದ್ರೆ ಆಗ್ತೈತೆ ಅಂದ್ರು. ಬೀಗ ಹಾಕೀನಿ ಸಾರ್, ಆಗಲ್ಲ ಅಂದೆ. ಒಂದು ಹೆಸರಿಗೆ ಏನಪ್ಪ ನಿಂದು ಅಂತ ಬೈದ್ರು. ನಾನು ತೆಗೆದೆ. ಹೆಸರು ತಿದ್ದಿದೆ. ತಿರುಗಿ ಹಾಕಿದೆ."

"ಆ ಸಾಲಿನಲ್ಲಿ ಏನು ಬರೆದಿತ್ತು ಅಂತ ನೋಡ್ಲಿಲ್ವಾ?"

"ನೋಡ್ಲಿಲ್ಲ. ದೇವರಾಣೆಗೂ ನೋಡ್ಲಿಲ್ಲ. ನನ್ನ ಕಣ್ಣೆಲ್ಲ ನಕಲಿನ ಮೇಲೇ ಇತ್ತು. ಇಷ್ಟು ಹೊತ್ತು ತೆಗ್ದಿದ್ದು ಹಾಳಾಯ್ತಲ್ಲ ಅಂತ ಸಿಟ್ಟು ಬಂದಿತ್ತು. ಹೆಸರಿನ ಜಾಗ ಹುಡುಕಿ ಶಿವು ಅಂತ ಹಾಕಿ ಎದ್ದೆ." ಅವನು ಕನ್ನಡಕ ಹಾಕಿಕೊಂಡ. "ಆಮೇಲೆ ಸುದ್ದಿ ಬಂತು."

"ಯಾರಿಗೂ ಹೇಳ್ಲಿಲ್ಲ."

"ಬೀಗ ಹಾಕಿದ ಮೇಲೆ ತೆಗೆಯೋದೇ ದೊಡ್ಡ ತಪ್ಪು ಮೇಡಂ. ಹೇಳಿದ್ರೆ ಕೆಲಸ ಹೋಗ್ತೈತೆ ಅಂತ ಹೆದರ್ಕೊಂಡೆ. ಮೂರು ದಿನ ಆದ ಮೇಲೆ ಕೆಲಸ ಹೋದ್ರೂ ಪರವಾಗಿಲ್ಲ ಅನ್ನಿಸ್ತು. ಅಷ್ಟೊತ್ತಿಗೆ ಹೆಂಗೆ ಹೇಳೋದು ಅಂತಾನೇ ಗೊತ್ತಾಗ್ಲಿಲ್ಲ."

"ಮೊದಲನೇ ನಕಲನ್ನ ಯಾಕೆ ಇಟ್ಕೊಂಡಿದೀರಿ?"

"ಅಳಿಸಕ್ಕೆ ಕುಂತೆ. ಕೈ ಬರ್ಲಿಲ್ಲ."

"ತಿದ್ದೋದಕ್ಕೆ ಮೊದಲು ಯಾರ ಹೆಸರಿತ್ತು ಕೊಟ್ರೇಶ್?"

ಅವನು ಎದ್ದ. "ನಾನು ಹೇಳಿದ್ರೆ ನೀವು ನಂಬಬೌದು, ಬಿಡಬೌದು. ಬರ್ರಿ, ನೀವೇ ನೋಡ್ರಿ."

ಗಾಜಿನ ಬಾಗಿಲ ಒಳಗೆ ಚಳಿಯಿತ್ತು. ಕೊಟ್ರೇಶ್ ಮೊದಲನೇ ಡಿಸ್ಕನ್ನು ಮೂಲೆಯಲ್ಲಿದ್ದ ಒಂದು ಪರೀಕ್ಷೆಯ ಸರ್ವರ್‌ಗೆ ಜೋಡಿಸಿದ. ಆ ಸರ್ವರ್ ಯಾವ ಊರಿನ ಕಚೇರಿಗೂ ಕಾಣುವುದಿಲ್ಲ, ಇದರಲ್ಲಿ ಏನು ಮಾಡಿದರೂ ಹೊರಗೆ ಏನೂ ಆಗುವುದಿಲ್ಲ ಎಂದು ವಿವರಿಸಿದ. ನಕಲು ಜೋಡಣೆಯಾಗಲು ಸಾಕಷ್ಟು ಹೊತ್ತು ಹಿಡಿಯಿತು. ಓಬಣ್ಣ ಚಳಿ ತಡೆಯದೆ ಶಾಲು ಹೊದ್ದುಕೊಂಡು ಹೊರಗೆ ಹೋಗಿ ಬಿಸಿಲಲ್ಲಿ ನಿಂತು ಬಂದ.

"ತಿದ್ದೋದಕ್ಕೆ ಮೊದಲು ಹೆಂಗಿತ್ತು ಅನ್ನೋದು ಹೊಸ ಸರ್ವರಲ್ಲೇ ಸಿಗಲ್ವಾ?" ಎಂದು ಶೋಭಾರಾಣಿ ಕೇಳಿದಳು.

"ಬೇರೆ ಪುಟಗಳಿಗೆ ಸಿಗ್ತೈತೆ ಮೇಡಂ. ಈ ಪುಟಕ್ಕೆ ದಿನಾ ನೂರಾರು ಸಾಲು. ಹಳೇ ಸರ್ವರಲ್ಲಿ ಜಾಗ ಸಾಲದೆ, ಹಳೇ ರೂಪ ಉಳಿಸ್ಕೊಳ್ಳೋದನ್ನ ನಿಲ್ಲಿಸಿದ್ವಿ. ಹೊಸದರಲ್ಲಿ ಅದನ್ನ ತಿರುಗಿ ಶುರು ಮಾಡ್ಬೇಕು ಅಂತಿದ್ದೆ."

ಪರದೆ ಬಿಳಿಚಿಕೊಂಡು ಮತ್ತೆ ತುಂಬಿತು. ಹಳೆಯ ಅಂಗಳ. ಮೇಲೆ ಹಳದಿ ಪಟ್ಟಿಯಲ್ಲಿ ಈ ಪುಟ ಓದಲು ಮಾತ್ರ ಎಂಬ ಸೂಚನೆ. ಕೊಟ್ರೇಶ್ ಬಾಗೂರಿನ ಫ್ಯಾನುಗಳ ಪುಟ ತೆರೆದು ಆ ಸಾಲಿಗೆ ಬಂದು ನಿಂತ.

ಕೆಲಸ ಮುಗಿದಿದೆ, ಯಂತ್ರ ಬಿಡಬಹುದು. ತಿಪ್ಪೇಶ್.

"ತಿಪ್ಪೇಶ್ ಯಾರು?" ಎಂದ ಓಬಣ್ಣ.

"ಶಿವು ಜೊತೆ ಕೆಲಸ ಮಾಡೋನು. ಅವನೂ ಮೆಕ್ಯಾನಿಕ್ಕೇ. ಆ ದಿನ ಅವನ ಪಾಳಿ ಇತ್ತು, ಹುಷಾರಿಲ್ಲ ಅಂತ ಶಿವು ಹೋದ ಅಂತ ಆಮೇಲೆ ಕೇಳ್ದೆ. ಅದಕ್ಕೇ ಹೆಸರು ತಿದ್ದಕ್ಕೆ ಹೇಳಿದ್ದು ಅಂತ ನಾನು..." ಕೊಟ್ರೇಶ್ ಮಾತು ನಿಲ್ಲಿಸಿದ.

ಶೋಭಾರಾಣಿ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. "ಈ ನಕಲು ಯಾವಾಗ ತೆಗೆದಿದ್ದು?"

"ಭಾನುವಾರ ಬೆಳಿಗ್ಗೆ ಎದ್ದ ತಕ್ಷಣ ಶುರು ಮಾಡಿದ್ದೆ."

"ಶಿವು ಫ್ಯಾನ್ ಹತ್ತಿದ್ದು?"

"ಹತ್ತು ಗಂಟೆ ಮೇಲೆ. ನಾಷ್ಟಾ ಮುಗಿಸಿ..."

ಶೋಭಾರಾಣಿ ಅವನಿಗಾಗಿ ನಿಧಾನವಾಗಿ ಹೇಳಿದಳು.

"ಯಾರೂ ಇನ್ನೂ ಮೇಲೆ ಹತ್ತೇ ಇಲ್ಲ. ಕೆಲಸ ಶುರುನೇ ಆಗಿಲ್ಲ. ಆದ್ರೆ ಕೆಲಸ ಮುಗಿದಿದೆ ಅನ್ನೋ ಮಾತು ಬೆಳಿಗ್ಗೆಯ ನಕಲಿನಲ್ಲಿ ಆಗಲೇ ಕುಂತೈತೆ."

"ಹಂಗಾದ್ರೆ ಬೆಳಿಗ್ಗೇನೇ ಎಲ್ರಿಗೂ ಕಾಣ್ಬೇಕಿತ್ತಲ್ಲ?" ಎಂದ ಓಬಣ್ಣ.

ಕೊಟ್ರೇಶ್ ತಲೆಯಾಡಿಸಿದ. "ಕಾಣಲ್ಲ ಅಣ್ಣ. ಆ ಪುಟದಲ್ಲಿ ಒಂದು ಹೊತ್ತು ಹಾಕಿ ಬರೆದಿಟ್ರೆ, ಆ ಹೊತ್ತು ಬಂದ ಮೇಲೇ ಕಾಣಿಸ್ಕೊಳ್ಳೋದು; ಅಡ್ಮಿನ್ ಅಂತ ನನಗೊಬ್ಬನಿಗೆ ಮೊದಲೇ ಕಾಣ್ತೈತೆ. ಮುಂದಿನ ವಾರದ ಕೆಲಸ ಇವತ್ತೇ ಹಂಚಿಡಲಿ ಅಂತ ನಾನೇ ಮಾಡಿಕೊಟ್ಟಿದ್ದು. ಇದಕ್ಕೆ ಭಾನುವಾರ ಮಧ್ಯಾಹ್ನದ ಹೊತ್ತು ಹಾಕವ್ರೆ." ಅವನು ಮೇಜಿನ ಅಂಚು ಹಿಡಿದುಕೊಂಡ. "ಬರೆದಿರೋದು ಶನಿವಾರ ಸಂಜೆ."

"ಯಾರ ಅಕೌಂಟಿನಿಂದ?"

"ಹೊಸದುರ್ಗ ಸೈಟಿನ ಕಾಮನ್ ಅಕೌಂಟು. ಯಾರು ಬೇಕಾದ್ರೂ, ಎಲ್ಲಿಂದ ಬೇಕಾದ್ರೂ ಒಳಗೆ ಬರಬೌದು. ಆ ಪಾಸ್‌ವರ್ಡು ನಾಲ್ಕೂ ಊರಿಗೆ ಗೊತ್ತು. ಬದಲಾಯಿಸ್ರಿ ಅಂತ ನಾನು ಹೇಳ್ತಾನೇ ಇದ್ದೆ."

ಶಿವುವಿನ ಕೈಯನ್ನು ನುಂಗಿದ ಆ ಸಾಲು ಶಿವುಗಾಗಿ ಬರೆದದ್ದೇ ಅಲ್ಲ. ತಿಪ್ಪೇಶ್ ಮೇಲೆ ಹತ್ತುತ್ತಾನೆ, ಅವನು ಒಳಗಿರುವಾಗಲೇ ಯಂತ್ರ ತಿರುಗಬೇಕು ಎಂದು ಯಾರೋ ಹಿಂದಿನ ದಿನವೇ ತಣ್ಣಗೆ ಕೂತು ಏರ್ಪಾಡು ಮಾಡಿದ್ದರು. ಮನುಷ್ಯ ಬದಲಾದಾಗ, ಹೆಸರನ್ನು ಬದಲಾಯಿಸಿದರು. ಸಾಲನ್ನು ಮಾತ್ರ ಹಾಗೇ ಬಿಟ್ಟರು.

"ಕೊಟ್ರೇಶ್, ಈ ಡಿಸ್ಕಿನ ಇನ್ನೊಂದು ನಕಲು ಮಾಡಿ ವಕೀಲರಿಗೆ ಕೊಡ್ತೀರಾ? ನೀವು ನನಗೆ ಹೇಳಿದ್ದನ್ನ ಅವರ ಮುಂದೇನೂ ಹೇಳಬೇಕಾಗ್ತೈತೆ."

"ಕೊಡ್ತೀನಿ ಮೇಡಂ. ಹೇಳ್ತೀನಿ." ಅವನು ಸ್ವಲ್ಪ ತಡೆದು ಕೇಳಿದ, "ಆಸ್ಪತ್ರೆಗೆ ಹೋಗ್ಲಾ?"

"ಹೋಗ್ರಿ. ಈ ಸಲ ವಾರ್ಡ್ ತಪ್ಪಬ್ಯಾಡ್ರಿ."

ಕಾರು ಹೊಳಲ್ಕೆರೆ ರಸ್ತೆಗೆ ತಿರುಗಿದಾಗ ಊಟದ ಹೊತ್ತು ದಾಟಿತ್ತು. ಅಪಘಾತದ ಮಾರನೆಯ ದಿನದಿಂದ ತಿಪ್ಪೇಶ್ ರಜೆ ಹಾಕಿ ಊರಿಗೆ ಹೋಗಿದ್ದಾನೆ, ಊರು ಹೊರಕೆರೆದೇವಪುರ ಎಂದು ಕಚೇರಿಯಲ್ಲಿ ತಿಳಿದಿತ್ತು.

ಶೋಭಾರಾಣಿ ದಾರಿಯಲ್ಲಿ ಏಕಾಂತಪ್ಪನಿಗೆ ಫೋನ್ ಮಾಡಿದಳು. ಎರಡನೇ ಸಲಕ್ಕೆ ಎತ್ತಿದ.

"ಹೆಸರು ತಿದ್ದಕ್ಕೆ ಹೇಳಿದ್ದು ನಿಜ," ಎಂದ, ಸುತ್ತುಬಳಸಿನ ಮಾತಿಲ್ಲದೆ. "ಆಳು ಬದಲಾದ ಮೇಲೆ ಹೆಸರು ಬದಲಾಗಬ್ಯಾಡ್ವಾ? ಅದರಲ್ಲೇನೈತೆ ತಪ್ಪು?"

"ತಪ್ಪು ಹೆಸರಿರೋದು ನಿಮಗೆ ಹೆಂಗೆ ಗೊತ್ತಾಯ್ತು ಏಕಾಂತಪ್ಪನೋರೆ? ಆ ಸಾಲು ಇನ್ನೂ ನಿಮಗ್ಯಾರಿಗೂ ಕಾಣ್ತಾ ಇರ್ಲಿಲ್ವಲ್ಲ."

ಆಚೆ ಕಡೆ ಗಾಳಿಯ ಸದ್ದು ಮಾತ್ರ ಕೇಳಿಸಿತು. ಗುಡ್ಡದ ಮೇಲೆಲ್ಲೋ ನಿಂತಿದ್ದಾನೆ.

"ಹಿರಿಯೂರಿನ ಕಡೆಯಿಂದ ಹೇಳಿದ್ರು. ನಾನು ದಾಟಿಸ್ದೆ, ಅಷ್ಟೇ. ಯಾರು ಏನು ಅನ್ನೋದನ್ನ ಅಲ್ಲೇ ವಿಚಾರಿಸ್ಕಳ್ರಿ." ಫೋನ್ ಇಟ್ಟುಬಿಟ್ಟ.

"ಸುಳ್ಳು ಹೇಳ್ತಾನೆ," ಎಂದ ಓಬಣ್ಣ.

"ಇರಬೌದು. ಸುಳ್ಳು ಹೇಳೋನು ಹೆಸರು ತಿದ್ದಿಸಿದ್ದೇ ಇಲ್ಲ ಅಂತಿದ್ದ."

"ಮತ್ತೆ ಹಿರಿಯೂರಿನಲ್ಲಿ ಯಾರು ಮೇಡಂ? ಆ ಕಂಟ್ರೋಲ್ ರೂಮಲ್ಲಿ ಪಾಳಿಗೆ ಐದಾರು ಜನ ಇರ್ತಾರೆ."

ಅವಳು ಕಿಟಕಿಯತ್ತ ತಿರುಗಿದಳು. ಕಿಟಕಿಯಾಚೆ ದೂರದ ಗುಡ್ಡಗಳ ಮೇಲೆ ಬಿಳಿಯ ರೆಕ್ಕೆಗಳು ಒಂದೇ ಲಯದಲ್ಲಿ ತಿರುಗುತ್ತಿದ್ದವು. ಇಷ್ಟು ದೂರದಿಂದ ನೋಡಿದರೆ ಅವುಗಳೊಳಗೆ ಮನುಷ್ಯರು ಹತ್ತಿ ಇಳಿಯುತ್ತಾರೆ ಎಂದು ನಂಬುವುದೂ ಕಷ್ಟ.

ತಿಪ್ಪೇಶನ ಮನೆ ಊರೊಳಗೆ, ಹಿಟ್ಟಿನ ಗಿರಣಿಯ ಎದುರು. ಅವನ ತಾಯಿ ಶಿವಗಂಗಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಕಾರಿನಿಂದ ಇಳಿದವರನ್ನು ನೋಡಿ ಗಾಬರಿಯಾಗಲಿಲ್ಲ. ಯಾರಾದರೂ ಬಂದೇ ಬರುತ್ತಾರೆ ಎಂದು ಕಾದವಳಂತಿದ್ದಳು.

"ಬರ್ರಿ, ಕುಂತ್ಕಳ್ರಿ. ಒಳಗವ್ನೆ. ನೀವು ಯಾರೇ ಆಗಿರ್ರಿ, ಅವನ ಬಾಯಿ ಬಿಡಿಸಿದ್ರೆ ಸಾಕು. ಬಂದಾಗಿಂದ ತುತ್ತು ಅನ್ನ ನೆಟ್ಟಗೆ ತಿಂದಿಲ್ಲ."

ತಿಪ್ಪೇಶ್ ಹೊರಗೆ ಬಂದ. ಮೂವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ಗಡ್ಡ ಬೆಳೆದಿತ್ತು. ಶೋಭಾರಾಣಿ ತಾನು ಯಾರು, ಯಾರ ಪರವಾಗಿ ಬಂದಿದ್ದೇನೆ ಎಂದು ಹೇಳಿದಳು. ಮುದ್ದಕ್ಕನ ಹೆಸರು ಕೇಳಿದೊಡನೆ ಅವನು ಕಂಬಕ್ಕೆ ಒರಗಿ ಕುಕ್ಕರಿಸಿದ.

"ಶಿವು ಹೆಂಗವ್ನೆ ಮೇಡಂ?"

"ಜೀವಕ್ಕೆ ಭಯ ಇಲ್ಲ. ಕೈ ಉಳಿಯಲ್ಲ."

ಅವನು ಮುಖ ಆ ಕಡೆ ತಿರುಗಿಸಿಕೊಂಡ.

"ಆ ದಿನ ನಿನ್ನ ಪಾಳಿ ಇತ್ತು ತಿಪ್ಪೇಶ್. ಹುಷಾರಿರ್ಲಿಲ್ವಂತೆ."

"ಹೊಟ್ಟೆನೋವು ಅಂದೆ. ಶಿವು ನಕ್ಕ. ಮನಿಕ್ಕೋ ಹೋಗಲೇ, ನಾನು ಹತ್ತೀನಿ ಅಂದ. ನನ್ನ ಟೂಲ್ ಬ್ಯಾಗೇ ಎತ್ಕೊಂಡು ಹೋದ."

"ನಿಜವಾಗ್ಲೂ ನೋವಿತ್ತಾ?"

ಗಿರಣಿಯ ಸದ್ದು ನಿಂತು ಮತ್ತೆ ಶುರುವಾಯಿತು. ಶಿವಗಂಗಮ್ಮನ ಕೈ ಹುಣಸೆಯ ಮೇಲೆ ಹಾಗೇ ನಿಂತಿತ್ತು.

"ಇರ್ಲಿಲ್ಲ," ಎಂದ ತಿಪ್ಪೇಶ್.

"ಮತ್ಯಾಕೆ ಹಂಗಂದೆ?"

"ಫೋನ್ ಬಂದಿತ್ತು ಮೇಡಂ. ಬೆಳಕು ಹರಿಯೋ ಹೊತ್ತಿಗೆ. ಯಾಕೆ ಅಂತ ಕೇಳಬ್ಯಾಡ, ಇವತ್ತು ಏನೇ ಆಗ್ಲಿ ನೀನು ಮೇಲೆ ಹತ್ತಬ್ಯಾಡ ಅಂತ. ಅಷ್ಟೇ ಹೇಳಿ ಕಟ್ ಆಯ್ತು. ನಾನು ತಮಾಷೆ ಅಂದ್ಕೊಂಡೆ. ಆದ್ರೂ ಆ ದನಿ ಕೇಳಿ ಹತ್ತಕ್ಕೆ ಮನಸ್ಸು ಬರ್ಲಿಲ್ಲ. ಶಿವು ಹತ್ತಾನೆ ಅಂತ ನಾನು ಅಂದ್ಕೊಂಡಿರ್ಲಿಲ್ಲ ಮೇಡಂ. ಕೆಲಸ ನಾಳೆಗೆ ಮುಂದಕ್ಕೆ ಹೋಗ್ತೈತೆ ಅಂದ್ಕೊಂಡಿದ್ದೆ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಅವನಿಗೂ ಹತ್ತಬ್ಯಾಡ ಅನ್ಬೇಕಿತ್ತು. ಯಾಕೆ ಅಂತ ಕೇಳ್ತಾನೆ ಅಂತ ಸುಮ್ಮನಾದೆ."

"ಯಾರು ಫೋನ್ ಮಾಡಿದ್ದು?"

ಅವನು ಜಗಲಿಯ ಮೇಲೆ ಬಿದ್ದಿದ್ದ ಹುಣಸೆ ಸಿಪ್ಪೆಯೊಂದನ್ನು ಎತ್ತಿ ಮುರಿದ.

"ಹೇಳಲೇ," ಎಂದಳು ಶಿವಗಂಗಮ್ಮ, ಮೆತ್ತಗೆ. "ಆ ಹುಡುಗನ ಕೈ ಹೋಗೈತೆ. ನೀನು ಯಾರನ್ನ ಮುಚ್ಚಿಡ್ತಿದೀಯ?"

ತಿಪ್ಪೇಶ್ ತಾಯಿಯನ್ನು ನೋಡಿದ. ಆಮೇಲೆ ಶೋಭಾರಾಣಿಯನ್ನು.

"ಉಷಾ," ಎಂದ. "ಕಂಟ್ರೋಲ್ ರೂಮಿನ ಉಷಾ."

ಓಬಣ್ಣ ಎದ್ದು ನಿಂತ. ಶೋಭಾರಾಣಿ ಕೂತಲ್ಲೇ ಇದ್ದಳು. ಮುದ್ದಕ್ಕನ ಒರಟು ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ನಿಜ ಗೊತ್ತಾಗ್ಬೇಕು ಮೇಡಂ ಎಂದಿದ್ದ ಆ ಹುಡುಗಿಯ ಕಣ್ಣುಗಳಲ್ಲಿ ಅಂದು ನೀರಿತ್ತು. ಅದು ಸುಳ್ಳು ನೀರಲ್ಲ ಎಂದು ಈಗಲೂ ಶೋಭಾರಾಣಿ ಆಣೆ ಮಾಡಿ ಹೇಳಬಲ್ಲಳು. ತಿಪ್ಪೇಶನಿಗೆ ಆ ದಿನ ಏನು ಕಾದಿದೆ ಎಂದು ಉಷಾಗೆ ಬೆಳಗಾಗುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ, ಮಧ್ಯಾಹ್ನ ಬಟನ್ ಒತ್ತಿದವಳು ಅವಳೇ. ತಿಪ್ಪೇಶ್ ಹತ್ತಿಲ್ಲ ಎಂದರೆ ಒಳಗೆ ಯಾರೂ ಇಲ್ಲ ಎಂದುಕೊಂಡಳೇ?

ಶೋಭಾರಾಣಿಯ ಕೈಯಲ್ಲಿದ್ದ ಮೊಬೈಲು ಅದುರಿತು. ಪರದೆಯ ಮೇಲೆ ಹೆಸರು ನೋಡಿ, ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿದಳು.

"ಹೇಳಮ್ಮ ಉಷಾ."

"ಮೇಡಂ, ಏನಾದ್ರೂ ಗೊತ್ತಾಯ್ತಾ? ಎಲ್ಲಿದೀರಿ ಈಗ?" ಎಂದಿನ ದನಿ, ಎಂದಿನ ಮರ್ಯಾದೆ.

ಕೆಲಸ ಕೊಟ್ಟವರ ಹತ್ತಿರ ಶೋಭಾರಾಣಿ ಎಂದೂ ಸುಳ್ಳು ಹೇಳಿರಲಿಲ್ಲ; ಇದೇ ಮೊದಲ ಸಲ. "ದುರ್ಗದಲ್ಲೇ ಇದೀನಮ್ಮ, ಆಫೀಸಲ್ಲಿ. ಸಂಜೆ ನಾನೇ ಮಾಡ್ತೀನಿ."

ಫೋನಿನೊಳಗೆ ಒಂದು ಸದ್ದು ಕೇಳಿಸುತ್ತಿತ್ತು. ಎದುರಿನ ಹಿಟ್ಟಿನ ಗಿರಣಿಯದೇ ಸದ್ದು ಅದು; ಉಷಾ ಇಲ್ಲೇ ಹತ್ತಿರದಲ್ಲಿದ್ದಳು.

"ಬ್ಯಾಡ ಮೇಡಂ," ಎಂದಳು ಉಷಾ, ಸುಳ್ಳು ಕೇಳಿದ ಬೇಸರವಿಲ್ಲದೆ. "ನೀವು ಹೊರಗೆ ಬರಬ್ಯಾಡ್ರಿ. ತಿಪ್ಪೇಶನನ್ನೂ ಹೊರಗೆ ಬಿಡಬ್ಯಾಡ್ರಿ. ನಿಮ್ಮ ಕಾರಿನ ಹಿಂದೆ ಬಂದಿರೋದು ನಾನೊಬ್ಬಳೇ ಅಲ್ಲ, ಆ ಸಾಲು ಬರೆದೋರೂ ಬಂದವ್ರೆ."